ಎಳ್ಳಮಾವಾಸ್ಯೆಯ ಬುತ್ತಿಗೆ ಪೇರಲ ಕ್ರಂಬಲ್: ಕೆಟ್ಟಾಗ ದೋಷ ಹುಡುಕುವ ಕ್ರಮ

ಪೇರಲ ಕ್ರಂಬಲ್, ಅಂದರೆ ಹಣ್ಣಿನ ಹೋಳುಗಳ ಮೇಲೆ ಉದುರಾದ ಹಿಟ್ಟಿನ ಪದರ ಹರಡಿ ಓವನ್ನಿನಲ್ಲಿ ಬೇಯಿಸುವ ಸಿಹಿ, ಸರಿಯಾಗಿ ಬರಲಿಲ್ಲವೆಂದರೆ ನಮ್ಮ ಮನೆಗಳಲ್ಲಿ ಮೊದಲು ಕೈ ಹೋಗುವುದು ಬೆಲ್ಲದ ಡಬ್ಬಿಗೆ. ತಳ ನೀರಾಗಿದ್ದರೆ ಇನ್ನಷ್ಟು ಬೆಲ್ಲ, ಮೇಲಿನ ಪದರ ಒಣಗಿದ್ದರೆ ಇನ್ನೊಂದು ಸೌಟು ತುಪ್ಪ. ಹಣ್ಣು, ಜೋಳ, ಎಳ್ಳು ಎಂದು ಆರೋಗ್ಯದ ಲೆಕ್ಕ ಹಾಕಿ ಆರಂಭಿಸಿದ ಸಿಹಿ ಕೊನೆಗೆ ಶೇಂಗಾ ಹೋಳಿಗೆಗಿಂತ ಭಾರವಾಗುತ್ತದೆ. ದೋಷ ಮಾತ್ರ ಇದ್ದಲ್ಲಿಯೇ ಇರುತ್ತದೆ. ಈ ತಿನಿಸಿನ ಬಹುಪಾಲು ತೊಂದರೆಗಳಿಗೆ ಮೂಲ ನೀರು. ಅದು ಎಲ್ಲಿಂದ ಬಂತು, ಏಕೆ ಹೊರಗೆ ಹೋಗಲಿಲ್ಲ ಎಂಬುದನ್ನು ಮೊದಲು ನೋಡಬೇಕು. ಬೆಲ್ಲ, ತುಪ್ಪಗಳನ್ನು ಮುಟ್ಟುವುದು ಆಮೇಲೆ.

ಹುಬ್ಬಳ್ಳಿಯ ಜನತಾ ಬಜಾರಿನಲ್ಲಿ, ಧಾರವಾಡದ ಸೂಪರ್ ಮಾರ್ಕೆಟ್ಟಿನಲ್ಲಿ ಚಳಿಗಾಲಕ್ಕೆ ಪೇರಲ ರಾಶಿ ಬೀಳುತ್ತದೆ. ಎಳ್ಳಮಾವಾಸ್ಯೆ ಬರುವುದೂ ಅದೇ ಹೊತ್ತಿಗೆ. ಚರಗ ಚೆಲ್ಲಲು, ಅಂದರೆ ಭೂತಾಯಿಗೆ ಎಡೆಯಾಗಿ ಅಡುಗೆಯನ್ನು ಹೊಲದಲ್ಲಿ ಚೆಲ್ಲಲು, ಹೋಗುವ ಬುತ್ತಿಯಲ್ಲಿ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಲೆ, ಕಡುಬುಗಳ ಜೊತೆಗೆ ಮಕ್ಕಳಿಗೂ ವಯಸ್ಸಾದವರಿಗೂ ಹಗುರವಾದ ಒಂದು ಹಣ್ಣಿನ ಸಿಹಿ ಇರಲಿ ಎಂದು ಬಯಸುವವರಿಗಾಗಿ ಈ ಬರಹ.

ಮೊದಲು ಅಳತೆ

ದೋಷ ಹುಡುಕಬೇಕಾದರೆ ಹೋಲಿಸಲು ಒಂದು ಖಚಿತ ಅಳತೆ ಬೇಕು. ಎಂಟು ಜನರಿಗೆ ಇದು ಸಾಕು.

ಕೆಳಪದರಕ್ಕೆ ತಿರುಳಿನ ಬೀಜ ತೆಗೆದು ಹೋಳು ಮಾಡಿದ ಪೇರಲ 700 ಗ್ರಾಂ, ಸಣ್ಣಗೆ ಹೆಚ್ಚಿದ ಒಣ ಅಂಜೂರ 4, ಬೆಲ್ಲ 40 ಗ್ರಾಂ, ಕಾರ್ನ್‌ಫ್ಲೋರ್ ಒಂದೂವರೆ ದೊಡ್ಡ ಚಮಚ, ನಿಂಬೆರಸ ಒಂದು ದೊಡ್ಡ ಚಮಚ. ಮೇಲ್ಪದರಕ್ಕೆ ಬಿಳಿಜೋಳದ ಹಿಟ್ಟು 150 ಗ್ರಾಂ, ತರಿತರಿಯಾಗಿ ಕುಟ್ಟಿದ ಹುರಿದ ಶೇಂಗಾ 50 ಗ್ರಾಂ, ಎಳ್ಳು 20 ಗ್ರಾಂ, ತುರಿದ ಬೆಲ್ಲ 60 ಗ್ರಾಂ, ಗಟ್ಟಿ ತುಪ್ಪ 80 ಗ್ರಾಂ, ಹಾಲು ಎರಡು ದೊಡ್ಡ ಚಮಚ, ಚಿಟಿಕೆ ಉಪ್ಪು, ಏಲಕ್ಕಿ. ಏಲಕ್ಕಿಯಲ್ಲಿ ಜಿಪುಣತನ ಬೇಡ. ಏಲಕ್ಕಿಯಿಂದ ಮಾಲೆ ಕಟ್ಟುವ ಹಾವೇರಿ ನಮ್ಮ ಪಕ್ಕದಲ್ಲಿಯೇ ಇದೆ. ಬೆಲ್ಲ ಕಡಿಮೆ ಇರುವ ಸಿಹಿಯಲ್ಲಿ ಪರಿಮಳವೇ ಅರ್ಧ ಕೆಲಸ ಮಾಡುತ್ತದೆ.

180 ಡಿಗ್ರಿ ಸೆಲ್ಸಿಯಸ್‌ನಲ್ಲಿ 35ರಿಂದ 45 ನಿಮಿಷ ಬೇಯಿಸಬೇಕು.

ಇಲ್ಲಿರುವ ಒಟ್ಟು ಬೆಲ್ಲ 100 ಗ್ರಾಂ, ಅಂದರೆ ತಲೆಗೆ ಹನ್ನೆರಡು ಹದಿಮೂರು ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2015ರ ಮಾರ್ಗಸೂಚಿಯಲ್ಲಿ ಹೊರಗಿನಿಂದ ಸೇರುವ ಸಕ್ಕರೆಯ ಅಂಶ ಒಟ್ಟು ಶಕ್ತಿಯ ಶೇಕಡಾ 10ರೊಳಗಿರಲಿ, ಶೇಕಡಾ 5ಕ್ಕಿಂತ ಕಡಿಮೆಯಾದರೆ ಇನ್ನೂ ಒಳ್ಳೆಯದು ಎಂದಿದೆ. 2000 ಕ್ಯಾಲೊರಿ ಉಣ್ಣುವವರಿಗೆ ಶೇಕಡಾ 5 ಎಂದರೆ ದಿನಕ್ಕೆ ಸುಮಾರು 25 ಗ್ರಾಂ. ಈ ಲೆಕ್ಕದಲ್ಲಿ ಬೆಲ್ಲವೂ ಸಕ್ಕರೆಯೇ. ಮಧುಮೇಹ ಇರುವವರಿಗೆ "ಬೆಲ್ಲದ್ದು, ಏನೂ ಆಗುವುದಿಲ್ಲ" ಎಂದು ಎರಡನೆಯ ಬಾರಿ ಬಡಿಸುವುದು ಪ್ರೀತಿಯಲ್ಲ. ಅವರ ಪಾಲನ್ನು ಬೇರೆ ಬಟ್ಟಲಿನಲ್ಲಿ, ಕೆಳಪದರಕ್ಕೆ ಬೆಲ್ಲ ಹಾಕದೆ ಬೇಯಿಸಿ. ಪೇರಲ ಚೆನ್ನಾಗಿ ಹಣ್ಣಾಗಿದ್ದರೆ ಅಂಜೂರದ ಸಿಹಿಯೇ ಸಾಕಾಗುತ್ತದೆ.

ದೋಷ ಒಂದು: ತಳದಲ್ಲಿ ನೀರು ನಿಂತಿದೆ

ಹೆಚ್ಚು ಜನರನ್ನು ಕಾಡುವುದು ಇದೇ, ಕಾರಣಗಳು ಹೆಚ್ಚು ಇರುವುದೂ ಇದಕ್ಕೇ. ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲೋಣ.

ಪೇರಲದ ತೂಕದಲ್ಲಿ ಸುಮಾರು ಶೇಕಡಾ 80 ನೀರು. 700 ಗ್ರಾಂ ಹೋಳುಗಳೆಂದರೆ ಅರ್ಧ ಲೀಟರಿಗಿಂತ ಹೆಚ್ಚು ನೀರನ್ನು ಪಾತ್ರೆಗೆ ಹಾಕಿದ ಹಾಗೆ. ಅದು ಜೀವಕೋಶಗಳೊಳಗೆ ಇರುವವರೆಗೆ ತೊಂದರೆ ಇಲ್ಲ. ಬೆಲ್ಲ ಸೋಕಿದರೆ ಹೊರಗೆ ಬರುತ್ತದೆ, ಕಾವು ತಾಗಿದರೆ ಇನ್ನೂ ಹೆಚ್ಚು ಬರುತ್ತದೆ. ಹೊರಬಂದ ರಸದಲ್ಲಿ ಒಂದು ಪಾಲು ಆವಿಯಾಗಬೇಕು, ಉಳಿದದ್ದನ್ನು ಕಾರ್ನ್‌ಫ್ಲೋರ್ ಮತ್ತು ಪೇರಲದ ಪೆಕ್ಟಿನ್ (ಹಣ್ಣಿನಲ್ಲಿಯೇ ಇರುವ, ರಸವನ್ನು ಗಟ್ಟಿ ಮಾಡುವ ಅಂಶ) ಹಿಡಿದಿಟ್ಟುಕೊಳ್ಳಬೇಕು. ಈ ಸರಪಳಿ ಎಲ್ಲಿ ತುಂಡಾಯಿತು ಎಂಬುದನ್ನು ಪತ್ತೆಮಾಡಬೇಕು.

ಮೊದಲನೆಯ ಪರೀಕ್ಷೆ ಕಾಯುವುದು. ಒಲೆಯಿಂದ ತೆಗೆದ ಕೂಡಲೇ ಚಮಚ ಇಳಿಸಿ ನೀರಾಗಿದೆ ಎಂದು ತೀರ್ಮಾನಿಸಬೇಡಿ. ಕಾರ್ನ್‌ಫ್ಲೋರಿನ ಪಿಷ್ಟ ಮತ್ತು ಪೆಕ್ಟಿನ್ ಎರಡೂ ಗಟ್ಟಿಯಾಗುವುದು ಆರುವಾಗ. ಅರ್ಧ ಗಂಟೆ ಬಿಟ್ಟು ಪಾತ್ರೆಯನ್ನು ಓರೆ ಮಾಡಿ ನೋಡಿ. ರಸ ನಿಧಾನವಾಗಿ, ಚಮಚದ ಬೆನ್ನಿಗೆ ಹತ್ತುವಂತೆ ಸರಿದರೆ ದೋಷವೇ ಇಲ್ಲ.

ಆಗಲೂ ಚಹಾದಂತೆ ಹರಿದರೆ ಬೇಯುವಾಗ ಕಂಡದ್ದನ್ನು ನೆನಪಿಸಿಕೊಳ್ಳಿ. ಅಂಚಿನಲ್ಲಿ ಮಾತ್ರ ಗುಳ್ಳೆ ಬರುತ್ತಿತ್ತೇ, ನಡುವಿನಲ್ಲಿಯೂ ಬರುತ್ತಿತ್ತೇ? ಕಾರ್ನ್‌ಫ್ಲೋರ್ 65 ಡಿಗ್ರಿಯ ಆಸುಪಾಸಿನಲ್ಲಿ ಉಬ್ಬಲು ಶುರುವಾದರೂ ಪೂರ್ತಿ ಗಟ್ಟಿ ಹಿಡಿಯಲು ಕುದಿಯುವ ಹಂತದ ಹತ್ತಿರ ಹೋಗಬೇಕು. ಅಂಚು ಮೊದಲು ಕುದಿಯುತ್ತದೆ, ನಡುಭಾಗಕ್ಕೆ ಆ ಕಾವು ತಲುಪಲು ಇನ್ನೂ ಹತ್ತು ಹದಿನೈದು ನಿಮಿಷ ಬೇಕು. ಮೇಲ್ಪದರ ಕೆಂಪಾದ ಕೂಡಲೇ ತೆಗೆದುಬಿಟ್ಟರೆ ನಡುವಿನ ಹಿಟ್ಟು ಅರೆಬೆಂದು ಉಳಿಯುತ್ತದೆ. ಅದರ ಗುರುತು ನಾಲಿಗೆಗೆ ಸಿಗುತ್ತದೆ: ರಸದಲ್ಲಿ ಹಸಿ ಹಿಟ್ಟಿನ ರುಚಿ. ಹಾಗಿದ್ದರೆ ಪಾತ್ರೆಯನ್ನು ಮತ್ತೆ ಒಳಗಿಡಿ, ಮೇಲೆ ಫಾಯಿಲ್ ಸಡಿಲವಾಗಿ ಹೊದಿಸಿ, ನಡುವಿನಲ್ಲಿ ದಪ್ಪ ಗುಳ್ಳೆಗಳು ನಿಧಾನವಾಗಿ ಒಡೆಯುವವರೆಗೆ ಬಿಡಿ.

ಹಸಿ ರುಚಿ ಇಲ್ಲ, ನಡುವೂ ಕುದಿದಿದೆ, ಆದರೂ ನೀರು ಎಂದಾದರೆ ರಸವೇ ಹೆಚ್ಚಾಗಿದೆ. ಹಣ್ಣಿಗೆ ಬೆಲ್ಲ ಬೆರೆಸಿ ರೊಟ್ಟಿ ಬಡಿದು ಮುಗಿಯುವವರೆಗೆ ಪಕ್ಕಕ್ಕಿಟ್ಟಿರಬಹುದು. ಅಷ್ಟರಲ್ಲಿ ಬಟ್ಟಲಿನ ತಳದಲ್ಲಿ ರಸ ತುಂಬಿರುತ್ತದೆ. ಇಲ್ಲವೇ ಪೇರಲದ ಜೊತೆಗೆ ಪಪ್ಪಾಯಿಯನ್ನೋ ಫ್ರೀಜರಿನಲ್ಲಿಟ್ಟ ಮಾವಿನ ಹೋಳುಗಳನ್ನೋ ಹಾಕಿರಬಹುದು. ಪಪ್ಪಾಯಿಯಲ್ಲಿ ನೀರು ಶೇಕಡಾ 88ರಷ್ಟಿದೆ. ಹೆಪ್ಪುಗಟ್ಟಿಸಿದ ಹಣ್ಣಿನಲ್ಲಿ ಮಂಜಿನ ಹರಳುಗಳು ಜೀವಕೋಶಗಳನ್ನು ಸೀಳಿರುವುದರಿಂದ ಕರಗುತ್ತಿದ್ದಂತೆಯೇ ಅದರ ನೀರು ಸುರಿಯುತ್ತದೆ. ಮೂರನೆಯ ಸಾಧ್ಯತೆ ಪಾತ್ರೆಯದು. ಆಳವಾದ ಪಾತೇಲಿಯಲ್ಲಿ ಮಾಡಿದರೆ ಆವಿ ಹೊರಹೋಗಲು ಮೇಲ್ಮೈ ಸಾಲದು. ಹಣ್ಣಿನ ಪದರ ಎರಡು ಇಂಚಿಗಿಂತ ದಪ್ಪ ಇರಬಾರದು.

ಇದಕ್ಕೆ ನಾನು ನಂಬುವ ಪರಿಹಾರ ಒಂದೇ. ಹೋಳುಗಳಿಗೆ ಬೆಲ್ಲ ಬೆರೆಸಿ 20 ನಿಮಿಷ ಜರಡಿಯಲ್ಲಿ ಬೇಕೆಂತಲೇ ಬಿಡಿ. ಇಳಿದ ರಸವನ್ನು ಸಣ್ಣ ಪಾತ್ರೆಯಲ್ಲಿ ಅರ್ಧಕ್ಕೆ ಇಳಿಯುವಂತೆ ಕುದಿಸಿ, ಆರಿಸಿ, ಕಾರ್ನ್‌ಫ್ಲೋರ್ ಕಲಸಿ, ಹಣ್ಣಿಗೆ ಮರಳಿ ಸೇರಿಸಿ. ರುಚಿ ಚೂರೂ ಪೋಲಾಗುವುದಿಲ್ಲ, ನೀರು ಮಾತ್ರ ಹೋಗುತ್ತದೆ. ಈಗಾಗಲೇ ಬೇಯಿಸಿ ಮುಗಿದಿದ್ದರೂ ಇದೇ ದಾರಿ: ಒಂದು ಮೂಲೆಯಲ್ಲಿ ಮೇಲ್ಪದರ ಸರಿಸಿ ರಸವನ್ನು ಚಮಚದಿಂದ ತೆಗೆದು, ಕುದಿಸಿ ಗಟ್ಟಿ ಮಾಡಿ, ಮತ್ತೆ ಅಲ್ಲಿಗೇ ಸುರಿಯಿರಿ.

ನೀರಾಗಿದೆ ಎಂದು ಕಾರ್ನ್‌ಫ್ಲೋರನ್ನು ದುಪ್ಪಟ್ಟು ಮಾಡುವ ಸಲಹೆ ಎಲ್ಲೆಡೆ ಕೇಳಿಬರುತ್ತದೆ. ಅದನ್ನು ಒಪ್ಪಲಾರೆ. ಹಣ್ಣು ಅಂಟಂಟಾಗುತ್ತದೆ, ಮರುದಿನ ಫ್ರಿಜ್ಜಿನಲ್ಲಿ ಪಿಷ್ಟ ಬಿಗಿದುಕೊಂಡು ನೀರನ್ನು ಮತ್ತೆ ಬಿಟ್ಟುಕೊಡುತ್ತದೆ. ನಿಂಬೆರಸ ಜಾಸ್ತಿಯಾದರೂ ಹಿಡಿತ ಸಡಿಲವಾಗುತ್ತದೆ, ಏಕೆಂದರೆ ಹುಳಿಯಲ್ಲಿ ಕುದಿದ ಪಿಷ್ಟ ಒಡೆಯುತ್ತದೆ. ಒಂದು ಚಮಚ ಎಂದರೆ ಒಂದೇ ಚಮಚ.

ದೋಷ ಎರಡು: ಮೇಲ್ಪದರ ಗರಿಗರಿಯಾಗಲಿಲ್ಲ

ಮಾದಲಿ ಮಾಡಿ ಗೊತ್ತಿರುವ ಕೈಗೆ ಇದು ಕಷ್ಟವಾಗಬಾರದು. ಉದುರು ಉದುರಾಗಿರಬೇಕು, ಆದರೆ ಮುಷ್ಟಿಯಲ್ಲಿ ಒತ್ತಿದರೆ ನಿಲ್ಲಬೇಕು. ಆ ಹದವೇ ಇಲ್ಲಿಯೂ. ಕೆಟ್ಟ ಮೇಲ್ಪದರದಲ್ಲಿ ಮೂರು ಜಾತಿ ಇವೆ, ಒಂದರ ಮದ್ದು ಇನ್ನೊಂದಕ್ಕೆ ವಿಷ. ಆದ್ದರಿಂದ ಬೆರಳಿನಲ್ಲಿ ಮುಟ್ಟಿ ನೋಡಿ.

ಮೆತ್ತಗೆ, ಒದ್ದೆಯಾಗಿದ್ದರೆ ಒಂದು ತುಣುಕನ್ನು ಎತ್ತಿ ಎರಡೂ ಮಗ್ಗುಲು ನೋಡಿ. ಕೆಳಗಿನ ಮಗ್ಗುಲು ಮಾತ್ರ ಒದ್ದೆಯಾಗಿರುವುದು ಸಹಜ, ಹಣ್ಣಿನ ಮೇಲೆ ಕುಳಿತದ್ದು ರಸ ಹೀರದೆ ಇರುವುದಿಲ್ಲ. ಮೇಲಿನ ಮಗ್ಗುಲೂ ಒದ್ದೆಯಾಗಿದ್ದರೆ ಆವಿ ತಿರುಗಿ ಬಿದ್ದಿದೆ. ಕುಕ್ಕರಿನಲ್ಲಿ ಅಥವಾ ಮುಚ್ಚಳ ಹಾಕಿದ ದಪ್ಪ ಪಾತ್ರೆಯಲ್ಲಿ ಬೇಯಿಸುವವರಿಗೆ ಇದು ತಪ್ಪಿದ್ದಲ್ಲ. ಅಲ್ಲಿ ಶಾಖ ಬರುವುದು ಕೆಳಗಿನಿಂದ, ಹಣ್ಣಿನ ಆವಿ ಮುಚ್ಚಳಕ್ಕೆ ತಾಗಿ ಹನಿಯಾಗಿ ಮೇಲ್ಪದರದ ಮೇಲೆಯೇ ಬೀಳುತ್ತದೆ. ಓವನ್ ಇಲ್ಲದ ಮನೆಯಲ್ಲಿ ಈ ತಿನಿಸು ಆಗದೆ ಇಲ್ಲ, ಆದರೆ ದಾರಿ ಬೇರೆ: ಹಣ್ಣನ್ನು ಒಲೆಯ ಮೇಲೆಯೇ ಗಟ್ಟಿಯಾಗುವಂತೆ ಬೇಯಿಸಿ, ಮೇಲ್ಪದರವನ್ನು ದಪ್ಪ ತವೆಯಲ್ಲಿ ಸಣ್ಣ ಉರಿಯಲ್ಲಿ ಕೈಬಿಡದೆ ಹುರಿದು, ಬಡಿಸುವಾಗ ಮೇಲೆ ಉದುರಿಸಿ. ರುಚಿಯಲ್ಲಿ ಇದು ಓವನ್ನಿನದಕ್ಕೆ ಕಡಿಮೆಯಲ್ಲ. ಎಷ್ಟೋ ಸಲ ಇದೇ ಮೇಲು.

ಕಲ್ಲಿನಂತೆ ಗಟ್ಟಿಯಾಗಿದ್ದರೆ ತುಪ್ಪ ಕರಗಿಸಿ ಸುರಿದಿದ್ದೀರಿ, ಇಲ್ಲವೇ ಬೆಲ್ಲ ಜಾಸ್ತಿಯಾಗಿದೆ. ಕರಗಿದ ತುಪ್ಪದಲ್ಲಿ ಹಿಟ್ಟು ಮುದ್ದೆಯಾಗುತ್ತದೆ, ಬೆಲ್ಲ ಕರಗಿ ಪಾಕವಾಗಿ, ಆರಿದ ಮೇಲೆ ಚಿಕ್ಕಿಯಂತೆ ಬಿಗಿಯುತ್ತದೆ. ಎಳ್ಳಮಾವಾಸ್ಯೆಯ ಚಳಿಯಲ್ಲಿ ತುಪ್ಪ ತಾನಾಗಿಯೇ ಹರಳುಗಟ್ಟಿರುವುದು ನಮ್ಮ ಅದೃಷ್ಟ. ಅದನ್ನು ಹಾಗೆಯೇ ಹಿಟ್ಟಿಗೆ ಹಾಕಿ ಬೆರಳ ತುದಿಯಿಂದ ಉಜ್ಜಿ, ಅಂಗೈ ತಾಗಿಸಬೇಡಿ. ಯುಗಾದಿಯ ನಂತರ ಆಪೂಸ್ ಮಾವಿನಿಂದ ಮಾಡುವವರು ತುಪ್ಪವನ್ನು ಫ್ರಿಜ್ಜಿನಲ್ಲಿಟ್ಟು ಗಟ್ಟಿ ಮಾಡಿಕೊಳ್ಳಬೇಕು.

ಮೂರನೆಯದು ಪುಡಿಪುಡಿ, ಬಾಯಿಗೆ ಹಾಕಿದರೆ ಗಂಟಲಿಗೆ ಹತ್ತುವ ಒಣ ಹಿಟ್ಟು. ಬೆಣ್ಣೆಯ ಅಳತೆಯಿರುವ ಪಾಕವಿಧಾನದಲ್ಲಿ ತುಪ್ಪ ಹಾಕಿದಾಗ ಹೀಗಾಗುತ್ತದೆ. ಬೆಣ್ಣೆಯಲ್ಲಿ ಸುಮಾರು ಶೇಕಡಾ 16 ನೀರಿದೆ, ತುಪ್ಪದಲ್ಲಿ ಇಲ್ಲವೇ ಇಲ್ಲ ಎನ್ನಬಹುದು. ಜೋಳದ ಹಿಟ್ಟು ನೀರನ್ನು ಹೀರುವುದು ನಿಧಾನ. ಅದಕ್ಕಾಗಿಯೇ ಮೇಲಿನ ಅಳತೆಯಲ್ಲಿ ಎರಡು ಚಮಚ ಹಾಲು ಇದೆ. ಹಾಲು ಚಿಮುಕಿಸಿ, ಕಲಸಿ, 20 ನಿಮಿಷ ಮುಚ್ಚಿಡಿ. ನಾಲಿಗೆಗೆ ತಾಗುವ ಮರಳುತನವೂ ಈ ವಿಶ್ರಾಂತಿಯಲ್ಲಿ ಬಹುಪಾಲು ಹೋಗುತ್ತದೆ. ಇಲ್ಲಿ ಸೋಲೊಪ್ಪಿ ಮೈದಾ ಬೆರೆಸುವವರಿದ್ದಾರೆ. ಅಗತ್ಯವೇ ಇಲ್ಲ. ಹಿಟ್ಟು ಹಿಗ್ಗಿ ಉಬ್ಬಬೇಕಾದ ಬ್ರೆಡ್ಡಿಗೆ ಮೈದಾದ ಜಿಗುಟು ಅಂಶವಾದ ಗ್ಲೂಟನ್ ಬೇಕು, ಉದುರಬೇಕಾದ ಕ್ರಂಬಲ್‌ಗೆ ಬೇಡ. ಗದಗಿನ ಎರೆ ಹೊಲಗಳಲ್ಲಿ ಹಿಂಗಾರಿಗೆ ಬೆಳೆಯುವ ಮಾಲದಂಡಿ ಜೋಳ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ, ಅದನ್ನು ಕೈಬಿಡಬೇಡಿ.

ದೋಷ ಮೂರು: ಮೇಲೆ ಕಪ್ಪು, ಒಳಗೆ ಹಸಿ

ಇಲ್ಲಿ ತಪ್ಪು ಶಾಖದ್ದು. ಚಿಕ್ಕ ಓವನ್ನುಗಳ ಗುಂಡಿ 180 ಎಂದು ತೋರಿಸಿದ ಮಾತ್ರಕ್ಕೆ ಒಳಗೆ 180 ಇದೆ ಎಂದು ನಂಬಬೇಕಾಗಿಲ್ಲ. ಪರೀಕ್ಷಿಸಲು ಒಂದು ಚಮಚ ಸಕ್ಕರೆ ಸಾಕು. ಸಕ್ಕರೆ ಕರಗುವುದು ಸುಮಾರು 186 ಡಿಗ್ರಿಯಲ್ಲಿ. ಕಾದ ಓವನ್ನಿನಲ್ಲಿ, ಫಾಯಿಲ್ ಮೇಲೆ ಸಕ್ಕರೆ ಹರಡಿ 175ಕ್ಕೆ ಇಟ್ಟು 15 ನಿಮಿಷ ಬಿಡಿ. ಕರಗಿದರೆ ನಿಮ್ಮ ಓವನ್ ಹೇಳುವುದಕ್ಕಿಂತ ಬಿಸಿ. 195ಕ್ಕೆ ಇಟ್ಟರೂ ಹರಳು ಹರಳಾಗಿಯೇ ಉಳಿದರೆ ತಣ್ಣಗಿದೆ. ಎಷ್ಟು ವ್ಯತ್ಯಾಸ ಎಂದು ಒಮ್ಮೆ ತಿಳಿದರೆ ಗುಂಡಿಯನ್ನು ಅದಕ್ಕೆ ತಕ್ಕಂತೆ ತಿರುಗಿಸಿದರಾಯಿತು.

ಹಬ್ಬದ ಮುಂಜಾನೆ ಬೀದಿಯ ಎಲ್ಲ ಮನೆಗಳಲ್ಲಿಯೂ ಮಿಕ್ಸರ್, ಗೀಜರ್ ಓಡುತ್ತಿರುವಾಗ ವೋಲ್ಟೇಜ್ ಇಳಿಯಬಹುದು. ಕಾಯಿಸುವ ಸರಳಿನ ಶಕ್ತಿ ವೋಲ್ಟೇಜಿನ ವರ್ಗಕ್ಕೆ (ವೋಲ್ಟೇಜನ್ನು ಅದರಿಂದಲೇ ಗುಣಿಸಿದ ಸಂಖ್ಯೆಗೆ) ಅನುಗುಣವಾಗಿರುತ್ತದೆ. 230ರಿಂದ 200 ವೋಲ್ಟಿಗೆ ಇಳಿದರೆ ಶಕ್ತಿಯ ಹೆಚ್ಚುಕಡಿಮೆ ಕಾಲು ಭಾಗ ಹೋಯಿತು. ಓವನ್ ಕಾಯಲು ಆಗ ಹೆಚ್ಚು ಹೊತ್ತು ಬೇಕು. ಗಡಿಯಾರ ನೋಡಿ ಹತ್ತು ನಿಮಿಷಕ್ಕೆ ಪಾತ್ರೆ ಒಳಗಿಡಬೇಡಿ, ದೀಪ ಆರುವವರೆಗೆ ಕಾಯಿರಿ. ಇನ್ನೂ ಒಳ್ಳೆಯದೆಂದರೆ ಹಿಂದಿನ ರಾತ್ರಿಯೇ ಬೇಯಿಸಿಡುವುದು.

ಶಾಖ ಸರಿಯಿದ್ದೂ ಮೇಲೆ ಕರಕಲಾದರೆ ಪಾತ್ರೆ ಮೇಲಿನ ಸರಳಿಗೆ ಹತ್ತಿರವಿದೆ. ಒಂದು ಹಂತ ಕೆಳಗಿಳಿಸಿ, ಮೊದಲ 25 ನಿಮಿಷ ಕೆಳಗಿನ ಸರಳು ಮಾತ್ರ ಉರಿಯಲಿ. ಗಾಜಿನ ಪಾತ್ರೆ ನಿಧಾನವಾಗಿ ಕಾಯುತ್ತದೆ ಎಂಬುದೂ ನೆನಪಿರಲಿ. ಹೊರತೆಗೆದಾಗ ಅದನ್ನು ಒದ್ದೆಯಾದ ಕಡಪಾ ಕಲ್ಲಿನ ಕಟ್ಟೆಯ ಮೇಲೆ ಇಡಬೇಡಿ, ಸೀಳುತ್ತದೆ. ಮಡಚಿದ ಒಣ ಬಟ್ಟೆ ಹಾಸಿ.

ಹೋಳು ಬೇಯಲೇ ಇಲ್ಲ, ಬೀಜ ಹಲ್ಲಿಗೆ ಸಿಗುತ್ತದೆ

ಬೀಜಕ್ಕೆ ಉಪಾಯ ಸರಳ. ಹಣ್ಣನ್ನು ನಾಲ್ಕು ಸೀಳು ಮಾಡಿ ಚಮಚದಿಂದ ನಡುವಿನ ತಿರುಳು ತೆಗೆಯಿರಿ. ಎಸೆಯಬೇಡಿ, ಜರಡಿಯಲ್ಲಿ ಉಜ್ಜಿ ಬೀಜ ಬೇರ್ಪಡಿಸಿ ತಿರುಳನ್ನು ರಸಕ್ಕೆ ಸೇರಿಸಿ. ಕೆಳಪದರವನ್ನು ಗಟ್ಟಿ ಹಿಡಿಯುವ ಪೆಕ್ಟಿನ್ ಅದರಲ್ಲಿಯೂ ಇದೆ.

ಹೋಳು ಗಟ್ಟಿಯಾಗಿ ಉಳಿಯುವುದಕ್ಕೆ ಕಾಯಿ ಪೇರಲ ಒಂದು ಕಾರಣ. ಯಾರೂ ಯೋಚಿಸದ ಇನ್ನೊಂದು ಕಾರಣ ಬೋರ್‌ವೆಲ್ ನೀರು. ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ ಹಣ್ಣಿನ ಪೆಕ್ಟಿನ್ ಜೊತೆ ಬೆಸೆದುಕೊಂಡು ಜೀವಕೋಶದ ಗೋಡೆಯನ್ನು ಬಿಗಿ ಮಾಡುತ್ತದೆ. ಅಂಥ ನೀರಿನಲ್ಲಿ ಹೋಳುಗಳನ್ನು ಮೊದಲೇ ಕುದಿಸಿದರೆ ಮೆತ್ತಗಾಗಲು ಹಟ ಹಿಡಿಯುತ್ತವೆ. ಹುಳಿಯೂ ಬೆಲ್ಲವೂ ಮೊದಲೇ ಸೇರಿದರೆ ಹೀಗೆಯೇ. ಗಟ್ಟಿ ಹಣ್ಣು ಸಿಕ್ಕಿದ್ದರೆ ನೀರಿಗೆ ಹಾಕದೆ ಇಡ್ಲಿ ಪಾತ್ರೆಯ ಹಬೆಯಲ್ಲಿ ಐದಾರು ನಿಮಿಷ ಬೇಯಿಸಿ, ಬೆಲ್ಲ ನಿಂಬೆ ಆಮೇಲೆ.

ಬಣ್ಣ ಮತ್ತು ರುಚಿ

ಹೆಚ್ಚಿಟ್ಟ ಹಣ್ಣು ಕಂದಾಗುವುದು ಗಾಳಿಯಿಂದ. ನಿಂಬೆರಸ ಸವರಿದರೆ ತಡೆಯಬಹುದು, ತಡೆಯದಿದ್ದರೂ ತಿನ್ನಲು ತೊಂದರೆ ಇಲ್ಲ. ಬೇಯಿಸಿದ ಮೇಲೆ ನೀಲಿ ಮಿಶ್ರಿತ ಕಪ್ಪು ಬಂದು ಲೋಹದ ರುಚಿ ತಾಗಿದರೆ ಅದು ಕಬ್ಬಿಣದ ಬಾಣಲೆಯ ಕೆಲಸ. ಪೇರಲದ ಒಗರು ಅಂಶ ಕಬ್ಬಿಣದ ಜೊತೆ ಸೇರಿದರೆ ಕಪ್ಪಾಗುತ್ತದೆ. ಹುಳಿ ಹಣ್ಣಿಗೆ ಅಲ್ಯೂಮಿನಿಯಂ ಕೂಡ ಬೇಡ. ಸ್ಟೀಲ್ ಅಥವಾ ಗಾಜು ಇರಲಿ.

ಕಹಿ ಬಂದರೆ ಹಣ್ಣನ್ನು ದೂರುವ ಮೊದಲು ಹಿಟ್ಟನ್ನೂ ಶೇಂಗಾವನ್ನೂ ಒಣಗಿದ್ದಾಗಲೇ ಬಾಯಿಗೆ ಹಾಕಿ ನೋಡಿ. ಜೋಳದ ಬದಲು ಸಜ್ಜೆ ಹಿಟ್ಟು ಬಳಸಿದ್ದರೆ ಅನುಮಾನ ಅಲ್ಲಿಯೇ ಮೊದಲು. ಬೀಸಿದ ಸಜ್ಜೆ ಕೆಲವೇ ದಿನಗಳಲ್ಲಿ ಕಹಿಯಾಗುತ್ತದೆ, ಆ ವಾರ ಬೀಸಿಸಿದ್ದೇ ಆಗಬೇಕು. ಬೆಲ್ಲ ಸ್ವಲ್ಪ ಉಪ್ಪುಪ್ಪಾಗಿದ್ದರೆ ಮೇಲ್ಪದರಕ್ಕೆ ಉಪ್ಪು ಬಿಟ್ಟುಬಿಡಿ. ಸೋಡಾ ಹಾಕಿದ್ದರೆ ಸಾಬೂನಿನ ರುಚಿ ಬರುತ್ತದೆ, ಈ ತಿನಿಸಿಗೆ ಅದರ ಅಗತ್ಯ ಎಂದೂ ಇಲ್ಲ.

ಮಾದಲಿಗೆ ಹಾಲು ಸುರಿದುಕೊಳ್ಳುವ ರೂಢಿ ನಮ್ಮದು, ಇದಕ್ಕೂ ಕೇಳುತ್ತಾರೆ. ಬಿಸಿ ಕ್ರಂಬಲ್ ಮೇಲೆ ಬಿಸಿ ಹಾಲು ಸುರಿದರೆ ಹಣ್ಣಿನ ಹುಳಿಗೂ ಬೆಲ್ಲಕ್ಕೂ ಹಾಲು ಒಡೆಯುತ್ತದೆ. ಎರಡೂ ಆರಿರಲಿ, ಕಾಯಿಸಿ ತಣಿಸಿದ ಕೆನೆಹಾಲನ್ನು ಬಟ್ಟಲಿನ ಅಂಚಿಗೆ ಹಾಕಿ.

ಮನೆಯಲ್ಲಿ ಚೆನ್ನಾಗಿತ್ತು, ಹೊಲದಲ್ಲಿ ಮೆತ್ತಗಾಯಿತು

ಬಿಸಿಯಿರುವಾಗಲೇ ಸ್ಟೀಲ್ ಡಬ್ಬಿಯ ಮುಚ್ಚಳ ಬಿಗಿದಿದ್ದೀರಿ. ಹಣ್ಣಿನಲ್ಲಿ ಉಳಿದ ಆವಿ ದಾರಿಯುದ್ದಕ್ಕೂ ಮುಚ್ಚಳದಿಂದ ಹನಿಯುತ್ತ ಹೋಗುತ್ತದೆ. ಎರಡು ಗಂಟೆಯಾದರೂ ಪೂರ್ತಿ ಆರಲು ಬಿಡಿ. ರಾತ್ರಿ ಮಾಡಿಟ್ಟರೆ ಆರಿದ ಮೇಲೆ ಫ್ರಿಜ್ಜಿಗೆ ಸೇರಿಸಿ. ಮೇಲ್ಪದರದ ಅರ್ಧ ಪಾಲನ್ನು ಬೇರೆ ತಟ್ಟೆಯಲ್ಲಿ 15 ನಿಮಿಷ ಕೆಂಪಗೆ ಬೇಯಿಸಿ, ಆರಿಸಿ, ಗಾಳಿಯಾಡದ ಸಣ್ಣ ಡಬ್ಬಿಯಲ್ಲಿ ಪ್ರತ್ಯೇಕವಾಗಿ ಒಯ್ಯಿರಿ. ಬನ್ನಿ ಗಿಡದ ಬುಡದಲ್ಲಿ ಪೂಜೆ ಮುಗಿದು, ಚರಗ ಚೆಲ್ಲಿ, ಎಲ್ಲರೂ ಸಾಲಾಗಿ ಕುಳಿತ ಮೇಲೆ ಅದನ್ನು ತೆರೆದು ಉದುರಿಸಿದರಾಯಿತು. ಕೆನೆಹಾಲನ್ನು ಮಾತ್ರ ಹೊಲಕ್ಕೆ ಒಯ್ಯಬೇಡಿ, ಮಧ್ಯಾಹ್ನದ ಬಿಸಿಲಿಗೆ ಅದು ತಡೆಯುವುದಿಲ್ಲ.